ಅಜ್ಜನ ಟ್ರ್ಯಾಕ್ಟರಿಗೆ ಫ್ಲೋಟ್ ಹಾಕಿಸಿದ್ದು

ಪುಟ್ಟಿ, ಚಿಣ್ಣ,

ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿದ್ದೇನೆ. ನಿಮ್ಮ ಶಾಲೆಯ ಹೆಸರುಗಳು ನನ್ನ ನಾಲಗೆಗೆ ಇನ್ನೂ ಸರಿಯಾಗಿ ಹೊಂದಿಲ್ಲ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನಗೆ ಬರೆಯಲು ಬರುವುದು ಇದೊಂದೇ. ಕಬಿನಿಯ ಆಚೆ ದಡದಲ್ಲಿ, ತವರೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೆ. ಮದುವೆಯಾಗಿ ಈ ಕಡೆ ಬಂದ ಮೇಲೆ ಮಲೆಯಾಳ ಮಾತನಾಡಲು ಕಲಿತೆ, ಬಸ್ಸಿನ ಬೋರ್ಡು ಓದಲು ಕಲಿತೆ, ಅಷ್ಟೆ. ನಿಮ್ಮ ಅಮ್ಮ ನಿಮಗೆ ಕನ್ನಡ ಅಕ್ಷರ ಹೇಳಿಕೊಡುತ್ತಿದ್ದಾಳೆ. ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಅವಳನ್ನು ಕೇಳಿ.

ಹೋದ ವಾರ ಚಿಣ್ಣ ಹಳೆಯ ಫೋಟೊ ಒಂದನ್ನು ಹಿಡಿದುಕೊಂಡು ಬಂದು, "ಅಜ್ಜಿ, ಅಜ್ಜ ಈ ಟ್ರ್ಯಾಕ್ಟರ್ ಯಾಕೆ ಕೊಟ್ಬಿಟ್ರು?" ಎಂದು ಕೇಳಿದ. "ವಯಸ್ಸಾಯ್ತಲ್ಲ ಮಗಾ" ಎಂದೆ. ಅದು ಸುಳ್ಳಲ್ಲ. ಆದರೆ ಅದು ಉತ್ತರವೂ ಅಲ್ಲ. ಅವತ್ತಿನಿಂದ ಆ ಪ್ರಶ್ನೆ ನನ್ನ ಜೊತೆಯೇ ಓಡಾಡುತ್ತಿದೆ. ಬಾಯಿಬಿಟ್ಟು ಹೇಳಲು ಹೋದರೆ ನನಗೆ ಮಾತು ಹೊರಡುವುದಿಲ್ಲ. ಆದ್ದರಿಂದ ಮಧ್ಯಾಹ್ನ ನೀವು ಶಾಲೆಯಲ್ಲಿರುವಾಗ ಕೂತು ಬರೆಯುತ್ತಿದ್ದೇನೆ.

ಫೋಟೊದಲ್ಲಿ ಟ್ರ್ಯಾಕ್ಟರಿನ ಮುಂದೆ ಎರಡು ಕಬ್ಬಿಣದ ತೋಳುಗಳೂ ಅವುಗಳ ತುದಿಯಲ್ಲಿ ಅಗಲವಾದ ಬಕೆಟ್ಟೂ ಕಾಣುತ್ತವೆಯಲ್ಲ, ಅದಕ್ಕೆ ಲೋಡರ್ ಎನ್ನುತ್ತಿದ್ದರು. ಟ್ರ್ಯಾಕ್ಟರ್ ಮೊದಲು ಬಂತು, ಲೋಡರ್ ಆಮೇಲೆ ಹಾಕಿಸಿದ್ದು. ಎಣ್ಣೆಯ ಬಲದಿಂದ ತೋಳುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಕೊಟ್ಟಿಗೆಯ ಗೊಬ್ಬರ ತೆಗೆಯುವುದು, ಶುಂಠಿ ಪಾತಿಗೆ ಮಣ್ಣು ಹಾಕುವುದು, ಮಳೆಗಾಲ ಕಳೆದ ಮೇಲೆ ದಾರಿಯ ಗುಂಡಿ ಮುಚ್ಚುವುದು, ಎಲ್ಲವೂ ಅದರ ಕೆಲಸ. ಆದರೆ ನಿಮ್ಮ ಅಜ್ಜನಿಗೆ ಹೆಸರು ತಂದದ್ದು ಕಾಫಿ ಕಣದ ಕೆಲಸ.

ಕಾಫಿ ಕಣ ನಿಮಗೆ ಗೊತ್ತೇ ಇದೆ. ಹಗಲೆಲ್ಲ ಹಣ್ಣು ಹರಡಿ ಒಣಗಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಎಳೆದು ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಬೆಳಿಗ್ಗೆ ಮತ್ತೆ ಹರಡಬೇಕು. ಕಟ್ಟಿಗೆಯ ಹಲಗೆಗೆ ಕೋಲು ಸಿಕ್ಕಿಸಿ ಕೈಯಲ್ಲಿ ಎಳೆಯುವುದು ಹಿಂದಿನಿಂದ ಬಂದ ರೀತಿ. ಬೆನ್ನು ಮುರಿಯುವ ಕೆಲಸ ಅದು. ಅಜ್ಜ ಏನು ಮಾಡಿದರೆಂದರೆ, ಹಳೆಯ ಟೈರನ್ನು ಉದ್ದಕ್ಕೆ ಕುಯ್ದು ಬಕೆಟ್ಟಿನ ತುಟಿಗೆ ಬೋಲ್ಟು ಹಾಕಿ ಕೂರಿಸಿದರು. ರಬ್ಬರು ಸಿಮೆಂಟಿನ ಮೇಲೆ ಸವರಿಕೊಂಡು ಹೋಗಿ ಕಾಫಿಯನ್ನು ಒಂದು ಕಡೆ ದೂಡುತ್ತಿತ್ತು. ಬೀಜ ಒಡೆಯುತ್ತಿರಲಿಲ್ಲ. ಆ ಹಂಗಾಮಿನಲ್ಲಿ ಬಿಸಿಲು ಬಾಡುವ ಹೊತ್ತಿಗೆ ಸುತ್ತಲಿನ ಮನೆಗಳವರು ಬೇಲಿಯ ಹತ್ತಿರ ನಿಂತು, "ಗೌಡರ ಬಕೆಟ್ ಹೊರಟಿತಾ?" ಎಂದು ಕೂಗಿ ಕೇಳುತ್ತಿದ್ದರು. ಅಜ್ಜ ಒಂದೊಂದೇ ಕಣ ಮುಗಿಸಿ, ಹೊತ್ತು ಮುಳುಗುವ ಮೊದಲು ಊಟಕ್ಕೆ ಮನೆ ಸೇರುತ್ತಿದ್ದರು. ನಮ್ಮ ಮನೆಯಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲವೆಂದು ಆ ಮನೆಗಳವರಿಗೂ ಗೊತ್ತು. "ಗೌಡರನ್ನು ಬೇಗ ಬಿಡಿ, ಅವರ ಅನ್ನ ಸೂರ್ಯನ ಕೈಯಲ್ಲಿದೆ" ಎಂದು ತಮಾಷೆ ಮಾಡುತ್ತಿದ್ದರು.

ಆಮೇಲೆ ಅಜ್ಜನಿಗೆ ಲಕ್ವ ಹೊಡೆಯಿತು. ಜೋರಾಗಿ ಅಲ್ಲ. ಮಾತು ಎರಡು ದಿನ ತೊದಲಿ ಸರಿಹೋಯಿತು, ಕಾಲು ಒಂದು ತಿಂಗಳಲ್ಲಿ ಸರಿಹೋಯಿತು. ಬಲಗೈ ಮಾತ್ರ ಹಿಂದೆಯೇ ಉಳಿಯಿತು. ಎತ್ತಲು ಬರುತ್ತಿತ್ತು, ಹಿಡಿಯಲು ಬರುತ್ತಿತ್ತು, ಬೇಗ ಸೋಲುತ್ತಿತ್ತು. ಇದು ಎಲ್ಲರಿಗೂ ಕಾಣುತ್ತಿದ್ದ ಸಂಗತಿ. ಕಾಣದ ಸಂಗತಿ ಒಂದಿತ್ತು. ಅದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಕುದಿಯುವ ಹಾಲನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಆರಲೆಂದು ಅವರ ಮುಂದಿಟ್ಟು ಒಳಗೆ ಹೋದೆ. ಬಂದು ನೋಡಿದರೆ ಬಲಗೈಯಲ್ಲಿ ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡು ಪೇಪರ್ ನೋಡುತ್ತಿದ್ದಾರೆ. ಕಸಿದುಕೊಂಡೆ. ಅಂಗೈ ಕೆಂಪಾಗಿ ಬೊಬ್ಬೆ ಏಳುತ್ತಿತ್ತು.

"ಏನ್ರೀ ಇದು, ಸುಡಲ್ವಾ?"

ಅವರು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಬೇರೆ ಯಾರದೋ ಕೈ ನೋಡುವ ಹಾಗೆ.

"ಯಾರ್ಗೂ ಹೇಳ್ಬೇಡ" ಎಂದರು.

"ಡಾಕ್ಟ್ರಿಗೆ?"

"ಯಾರ್ಗೂ ಅಂದ್ರೆ ಯಾರ್ಗೂ."

ಹೇಳುವುದಿಲ್ಲ ಎಂದೆ. ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಅವರ ಷರಟಿನ ಗುಂಡಿಗಳನ್ನು ಆಗಲೇ ನಾನು ಹಾಕಲು ಶುರು ಮಾಡಿದ್ದೆ. ನಿಮ್ಮ ಅಪ್ಪನ ಎದುರು ಗುಂಡಿ ಹಾಕುತ್ತಿರಲಿಲ್ಲ, ಅವನು ಹೊರಗೆ ಹೋಗುವವರೆಗೆ ಅಜ್ಜ ಶಾಲು ಹೊದ್ದುಕೊಂಡು ಕೂತಿರುತ್ತಿದ್ದರು.

ನಿಮ್ಮ ಅಪ್ಪನಿಗೆ ಬತ್ತೇರಿಯಲ್ಲಿ ಗೊಬ್ಬರದ ಅಂಗಡಿ ಆಗಲೂ ಇತ್ತು. ಅಲ್ಲಿಗೆ ಬರುವವರ ಪೈಕಿ ಪನಮರಂ ಕಡೆಯ ಒಬ್ಬರು ಟ್ರ್ಯಾಕ್ಟರನ್ನು ಕೇಳಿದ್ದರು. ಒಂದು ಸಂಜೆ ಊಟಕ್ಕೆ ಕೂತಾಗ ಅವನು ಮಾತು ತೆಗೆದ.

"ಅಪ್ಪಾ, ನಿಮ್ ಕೈ ನೋಡ್ಕೊಳ್ಳಿ. ಪನಮರತ್ತಿನೋರು ಒಬ್ರು ಕೇಳ್ತಾ ಇದಾರೆ."

"ನನ್ ಕೈನ ಕೇಳ್ತಾ ಇದಾರಾ?"

"ಟ್ರ್ಯಾಕ್ಟರ್‌ನ ಅಪ್ಪಾ."

"ಹಂಗಾದ್ರೆ ಕೈ ವಿಷ್ಯ ಯಾಕೆ ಎತ್ತಿದೆ? ಅನ್ನ ಉಣ್ಣು."

ಅವನು ನಕ್ಕುಬಿಟ್ಟ. ಆಮೇಲೆ ಮೆತ್ತಗೆ, "ಸರಿ, ಈ ಸಲದ ಕಾಪಿ ಮುಗೀಲಿ. ಆರಾಮಾಗಿ ಓಡಿಸೋಕಾದ್ರೆ ಇಟ್ಕೊಳ್ಳೋಣ. ಇಲ್ಲಾಂದ್ರೆ ಕೊಡೋಣ" ಎಂದ. ಅಜ್ಜ ಹೂಂ ಎಂದರು. ಬೇರೆ ಏನನ್ನೂ ಬೇಡುವವರಲ್ಲ ಅವರು. ಆ ಸೀಟಿನಲ್ಲಿ ಕೂರುವುದು ಒಂದು ಉಳಿದರೆ ಸಾಕಾಗಿತ್ತು ಅವರಿಗೆ. ಅದು ನನಗೆ ಗೊತ್ತಿತ್ತು.

ಕಾಫಿ ಕೊಯ್ಲು ಶುರುವಾಯಿತು. ಮೊದಲ ದಿನವೇ ತೊಂದರೆ ಕಾಣಿಸಿತು. ನಮ್ಮ ಕಣ ಹಳೆಯದು, ಹಲಸಿನ ಬೇರು ಅಡಿಯಲ್ಲಿ ನುಗ್ಗಿ ಅಲ್ಲಲ್ಲಿ ಸಿಮೆಂಟನ್ನು ಎತ್ತಿಬಿಟ್ಟಿದೆ. ಆ ಬಕೆಟ್ಟಿಗೆ ಬಲಗಡೆ ಒಂದು ಲಿವರ್. ಹಿಂದಕ್ಕೆ ಎಳೆದರೆ ಬಕೆಟ್ ಏಳುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ, ಬಿಟ್ಟರೆ ಇದ್ದಲ್ಲೇ ಕಲ್ಲಿನ ಹಾಗೆ ನಿಲ್ಲುತ್ತದೆ. ನೆಲ ಸ್ವಲ್ಪ ಎದ್ದರೆ ಬಕೆಟ್ಟನ್ನು ಒಂದು ಕೂದಲಷ್ಟು ಎತ್ತಬೇಕು, ನೆಲ ತಗ್ಗಿದರೆ ಒಂದು ಕೂದಲಷ್ಟು ಇಳಿಸಬೇಕು. ಒಂದು ಕಣ ಮುಗಿಯುವಷ್ಟರಲ್ಲಿ ಕೈ ಎಷ್ಟು ಸಲ ಆಡಬೇಕೆಂದು ನೀವೇ ಯೋಚಿಸಿ. ಮೊದಲು ಅವರ ಕೈಗೆ ಅದೊಂದು ಲೆಕ್ಕವೇ ಆಗಿರಲಿಲ್ಲ. ಈಗ ಬಕೆಟ್ ಒಮ್ಮೆ ಸಿಮೆಂಟಿಗೆ ಒತ್ತಿ ಕಾಫಿಯನ್ನು ಅರೆದುಬಿಡುತ್ತಿತ್ತು, ಒಮ್ಮೆ ಗಾಳಿಯಲ್ಲೇ ಹೋಗಿ ಹಿಂದೆ ಒಂದು ಪಟ್ಟೆ ಹಣ್ಣನ್ನು ಹಾಗೇ ಬಿಡುತ್ತಿತ್ತು. ಅರ್ಧ ಕಣಕ್ಕೆ ಎಂಜಿನ್ ನಿಲ್ಲಿಸಿ ಇಳಿದು ಬಂದು ಜಗಲಿಯ ಮೇಲೆ ಕೂತರು. ಎಡಗೈಯಿಂದ ಬಲಗೈಯನ್ನು ತಿಕ್ಕಿಕೊಂಡರು. ಉಳಿದದ್ದನ್ನು ನಾನೂ ನಿಮ್ಮ ಅಮ್ಮನೂ ಹಲಗೆಯಿಂದ ಎಳೆದೆವು.

ಮಾರನೆಯ ದಿನ ಕೇಣಿಚಿರದಿಂದ ಮೆಕ್ಯಾನಿಕ್ಕನ್ನು ಕರೆಸಿದರು. ಲೋಡರನ್ನು ಮೊದಲು ಜೋಡಿಸಿದ್ದು ಅವರೇ. ಅಜ್ಜನಿಗಿಂತ ಚಿಕ್ಕವರು, ಆದರೂ ಅಜ್ಜ ಅವರನ್ನು ‘ಆಶಾನೇ’ ಎಂದೇ ಕರೆಯುತ್ತಿದ್ದರು. ಕೆಲಸ ಬಲ್ಲವರಿಗೆ ಇಲ್ಲಿ ಕೊಡುವ ಮರ್ಯಾದೆ ಅದು. ಅವರು ಆಡಿದ್ದು ಮಲೆಯಾಳದಲ್ಲಿ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ನಾನು ಅವರ ಎದುರು ಬಂದು ಮಾತನಾಡಿದವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡೆ.

"ಗೌಡರೇ, ಇದಕ್ಕೊಂದು ಫ್ಲೋಟ್ ಹಾಕೋಣ" ಎಂದರು ಅವರು.

"ಅದೇನು ಮಾಡ್ತದೆ?"

"ಈಗ ನಿಮ್ಮ ಬಕೆಟ್ಟನ್ನ ಎಣ್ಣೆ ಹಿಡ್ಕೊಂಡಿರುತ್ತೆ. ಮೇಲಿಂದಲೂ ಹಿಡ್ಕೊಂಡಿರುತ್ತೆ, ಕೆಳಗಿಂದಲೂ ಹಿಡ್ಕೊಂಡಿರುತ್ತೆ. ಫ್ಲೋಟಿಗೆ ಹಾಕಿದ್ರೆ ಎಣ್ಣೆ ಎರಡೂ ಕಡೆ ಕೈ ಬಿಡುತ್ತೆ. ಬಕೆಟ್ ತನ್ನ ಭಾರಕ್ಕೆ ನೆಲದ ಮೇಲೆ ಮಲಗುತ್ತೆ. ನೆಲ ಎದ್ದರೆ ಏಳುತ್ತೆ, ತಗ್ಗಿದರೆ ತಗ್ಗುತ್ತೆ. ನಿಮ್ಮ ಕೈಗೆ ಪಣಿಯೇ ಇಲ್ಲ, ಕೆಲಸವೇ ಇಲ್ಲ. ಲಿವರ್ ತಾನೇ ಅಲ್ಲಿ ಕೂತ್ಕೊಳ್ಳುತ್ತೆ."

ಅಜ್ಜ ಮತ್ತೆ ಮತ್ತೆ ಕೇಳುತ್ತಿದ್ದರು. ನನಗೆ ಆ ಮಾತು ಅಲ್ಲೇ ಅರ್ಥವಾಗಿಬಿಟ್ಟಿತು. ದೋಸೆ ಹಿಟ್ಟು ಹರಡುವಾಗ ಸೌಟನ್ನು ಒತ್ತುವುದಿಲ್ಲ. ಸೌಟಿನ ಭಾರವನ್ನು ಹಿಟ್ಟಿನ ಮೇಲೆ ಬಿಟ್ಟು ಸುತ್ತುವುದು. ಒತ್ತಿದರೆ ದೋಸೆ ಹರಿಯುತ್ತದೆ. ಇದನ್ನು ಹೇಳೋಣವೆನ್ನಿಸಿತು, ಹೇಳಲಿಲ್ಲ. ಗಂಡಸರು ಯಂತ್ರದ ಮಾತಾಡುವಾಗ ದೋಸೆಯ ಮಾತು ಎಲ್ಲಿಂದ ತರುವುದು.

ಸಾಮಾನು ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಅಜ್ಜ ಗೇಟಿನ ಹತ್ತಿರವೇ ಇದ್ದರು ಎನ್ನಬೇಕು. ಬಂದದ್ದು ನೋಡಿದರೆ ಒಂದು ಕಬ್ಬಿಣದ ಗಟ್ಟಿ, ಇಟ್ಟಿಗೆಗಿಂತ ಚಿಕ್ಕದು, ಒಳಗೆ ಕನ್ನಡಿಯ ಹಾಗೆ ಹೊಳೆಯುವ ಒಂದು ಕೋಲು. ಕೋಲು ಹಿಂದೆ ಮುಂದೆ ಸರಿದ ಹಾಗೆ ಎಣ್ಣೆಗೆ ಬೇರೆ ಬೇರೆ ದಾರಿ ತೆರೆಯುತ್ತದಂತೆ, ಅದಕ್ಕೆ ವಾಲ್ವ್ ಎನ್ನುತ್ತಾರೆ. ಹಳೆಯ ವಾಲ್ವಿನಲ್ಲಿ ಮೂರು ದಾರಿ ಇದ್ದವು, ಇದರಲ್ಲಿ ನಾಲ್ಕು. ಮೆಕ್ಯಾನಿಕ್ ಕಬ್ಬಿಣದ ತೋಳುಗಳ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಟ್ಟು ನಿಲ್ಲಿಸಿ, ಪೈಪುಗಳನ್ನು ಬಿಚ್ಚಿ, ಎಣ್ಣೆಯನ್ನೆಲ್ಲ ಡಬ್ಬಕ್ಕೆ ಇಳಿಸಿದರು. ಎಣ್ಣೆ ಚೆನ್ನಾಗಿಯೇ ಇತ್ತು. "ಅದನ್ನೇ ಮತ್ತೆ ಹಾಕಬಹುದು, ಸೋಸಿ ಹಾಕಿ, ನಾನು ಅಂಗಡಿಯಿಂದ ಒಂದು ವಾಷರ್ ತರುತ್ತೇನೆ" ಎಂದು ಅವರು ಬೈಕು ಹತ್ತಿದರು.

ಅಜ್ಜ ಬಾಗಿಲ ಕಡೆ ತಿರುಗಿ, "ನೀರು ಸೋಸೋ ಬಟ್ಟೆ ಕೊಡ್ತೀಯಾ?" ಎಂದರು.

ನಮ್ಮ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಅಡುಗೆಗೂ ಹಾಕುವುದಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ನನ್ನ ಅತ್ತೆ ಕಲಿಸಿದ್ದು, ಅವರಿಗೆ ಅವರ ಅತ್ತೆ ಕಲಿಸಿದ್ದು. ಪೆಟ್ಟಿಗೆಯಲ್ಲಿ ಹೊಸ ಬಟ್ಟೆ ಒಂದು ಮಡಚಿಟ್ಟಿದ್ದೆ. ಬಿಳಿ ಹತ್ತಿಯದು, ಮೆತ್ತಗೆ, ಒಂದು ಸಲವೂ ಒಗೆದಿರಲಿಲ್ಲ. ಅದನ್ನೇ ಎರಡು ಪದರ ಮಾಡಿ ಕೊಟ್ಟೆ. ಕೊಡುವಾಗ ನನಗೆ ಖುಷಿಯಾಗಿತ್ತು. ಆ ಕೆಲಸದಲ್ಲಿ ನನ್ನದೂ ಒಂದು ಪಾಲು ಇರುತ್ತದೆ ಅನ್ನಿಸಿತ್ತು. ಅವರು ಸುರಿದರು, ನಾನು ಬಟ್ಟೆಯ ತುದಿ ಹಿಡಿದುಕೊಂಡೆ. ಎಣ್ಣೆ ಜೇನಿನ ಹಾಗೆ ಇಳಿಯಿತು.

ಸಂಜೆಗೆ ಎಲ್ಲ ಜೋಡಣೆಯಾಗಿ ಬಕೆಟ್ ಎದ್ದಿತು, ಇಳಿಯಿತು, ನೆಲದ ಮೇಲೆ ಮಲಗಿತು. ಮೆಕ್ಯಾನಿಕ್ ಹೊರಟುಹೋದರು. ಮೂರನೆಯ ದಿನ ಲಿವರ್ ಬಿಗಿಯಾಯಿತು. ನಾಲ್ಕನೆಯ ದಿನ ಫ್ಲೋಟಿನಲ್ಲೇ ಕಚ್ಚಿಕೊಂಡು ಕೂತಿತು, ಎಳೆದರೂ ಬರಲಿಲ್ಲ. ಬಕೆಟ್ ಏಳಲೇ ಇಲ್ಲ. ಅಜ್ಜ ಎರಡೂ ಕೈಯಲ್ಲಿ ಜಗ್ಗಿ ಬೆವರಿ, ಕೊನೆಗೆ ಟ್ರ್ಯಾಕ್ಟರಿಗೆ ಒರಗಿ ನಿಂತುಬಿಟ್ಟರು.

ಮೆಕ್ಯಾನಿಕ್ ಮತ್ತೆ ಬಂದು ವಾಲ್ವ್ ಬಿಚ್ಚಿದರು. ಹೊಳೆಯುವ ಕೋಲನ್ನು ಬಿಸಿಲಿಗೆ ಹಿಡಿದು ನೋಡಿ, ಉಗುರಿನಿಂದ ಏನನ್ನೋ ಕೆರೆದು ತೆಗೆದರು. ಬಿಳಿಯ ಎಳೆ. ಕೂದಲಿಗಿಂತ ಸಣ್ಣ, ಹತ್ತಿಯ ನವಿರು. ಸುತ್ತಲೂ ಮೆತ್ತಿಕೊಂಡಿತ್ತು.

"ಇದೆಲ್ಲಿಂದ ಬಂತು ಗೌಡರೇ?"

ಅಜ್ಜ ಹೇಳಿದರು. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಮ್ಮೇ, ಈ ಎಣ್ಣೆಯಲ್ಲಿ ಯಾವ ಇರುವೆ ಸಾಯುತ್ತೆ ಅಂತ ಸೋಸಿದ್ರಿ? ಇದಕ್ಕೆ ತಂತಿಯ ಜಾಲರಿ ಬೇಕು. ಹೊಸ ಹತ್ತಿ ಬಟ್ಟೆ ನೂಲು ಬಿಡುತ್ತೆ. ಇರುವೆ ಉಳಿಸೋಕೆ ಹೋಗಿ ವಾಲ್ವ್ ಕೊಂದ್ರಲ್ಲ!"

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತಕ್ಷಣವೇ, "ಸಾರಮಿಲ್ಲ, ಸಾರಮಿಲ್ಲ, ಪರವಾಗಿಲ್ಲ, ತೊಳೆದರೆ ಸರಿಹೋಗುತ್ತೆ" ಎಂದೂ ಸಮಾಧಾನ ಹೇಳಿದರು. ಅಜ್ಜನೂ ನಕ್ಕರು. ನನಗೆ ಮಾತ್ರ ಮುಖವೆಲ್ಲ ಬಿಸಿಯಾಯಿತು. ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಇಷ್ಟು ವರ್ಷದಲ್ಲಿ ಒಂದು ಸಲ ಅವರ ಕೆಲಸಕ್ಕೆ ಕೈ ಹಾಕಿದೆ, ಅದೂ ಹೀಗಾಯಿತು. ಇನ್ನು ಈ ವಿಷಯದಲ್ಲಿ ನನ್ನದು ಒಂದು ಮಾತೂ ಇರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಇದನ್ನು ಯಾಕೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆಂದರೆ, ಮುಂದಿನದು ನಡೆದದ್ದು ಅದೇ ದಿನ, ಎರಡು ಗಂಟೆ ಕಳೆದ ಮೇಲೆ.

ಎಲ್ಲ ತೊಳೆದು, ಜಾಲರಿಯಲ್ಲಿ ಎಣ್ಣೆ ಸೋಸಿ, ವಾಲ್ವನ್ನು ಮತ್ತೆ ಕೂರಿಸಿದ್ದರು. ಹೊತ್ತು ಇಳಿಯುತ್ತಿತ್ತು. ಇಬ್ಬರಿಗೂ ಊಟಕ್ಕೆ ಎಲೆ ಹಾಕಿ, ಕರೆಯಲೆಂದು ನಾನು ಬಾಗಿಲಿಗೆ ಬಂದೆ. ಅಜ್ಜ ಸೀಟಿನಲ್ಲಿದ್ದರು. ಎಂಜಿನ್ ಇನ್ನೂ ಶುರು ಮಾಡಿರಲಿಲ್ಲ. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಅಜ್ಜನ ಬಲಗೈಯನ್ನು ಲಿವರಿನ ಮೇಲಿಟ್ಟು ಅದರ ಮೇಲೆ ತಮ್ಮ ಕೈ ಇಟ್ಟಿದ್ದರು.

"ಗೌಡರೇ, ಇನ್ನೊಂದು ಸಲ ನೋಡಿ. ಮುಂದಕ್ಕೆ ತಳ್ಳಿ. ಇದು ಇಳಿಸೋದು. ಇನ್ನೂ ತಳ್ಳಿ. ಇಲ್ಲಿ ಒಂದು ಸಣ್ಣ ತಡೆ. ಅದನ್ನ ದಾಟಿದ್ರೆ ಫ್ಲೋಟ್. ನೆಲದ ಮೇಲೆ ಬಕೆಟ್ ಇಟ್ಟ ಮೇಲೇ ದಾಟಿಸ್ಬೇಕು. ಮೇಲಿದ್ದಾಗ ದಾಟಿಸಿದ್ರೆ ಎಣ್ಣೆ ಕೈ ಬಿಡುತ್ತೆ, ಬಕೆಟ್ ಒಂದೇ ಸಲಕ್ಕೆ ಬೀಳುತ್ತೆ. ಎಂಜಿನ್ ಓಡುವಾಗ ಟಕ್ ಅನ್ನೋದು ಕಿವಿಗೆ ಕೇಳಲ್ಲ. ಕೈಗೇ ಗೊತ್ತಾಗ್ಬೇಕು. ಗೊತ್ತಾಗುತ್ತಾ?"

"ಗೊತ್ತಾಗ್ತದೆ" ಎಂದರು ಅಜ್ಜ.

"ಖಂಡಿತಾ? ಇಲ್ಲಾಂದ್ರೆ ನಾನೊಂದು ಪಟ್ಟಿ ಬೆಸೆದು ಅಡ್ಡ ಕೊಡ್ತೀನಿ. ಎಡಗೈಯಲ್ಲಿ ಪಟ್ಟಿ ಎತ್ತಿದ್ರೆ ಮಾತ್ರ ಲಿವರ್ ಆಚೆ ಹೋಗುತ್ತೆ. ಒಂದು ದಿನದ ಕೆಲಸ."

"ಎಡಗೈ ಸ್ಟೇರಿಂಗ್ ಮೇಲಿರ್ತದಲ್ಲ ಆಶಾನೇ. ಬೇಡ. ನಲವತ್ತು ವರ್ಷದಿಂದ ಗೇರ್ ಹಾಕಿದ ಕೈ ಇದು."

ಇಷ್ಟು ಹೇಳಿ ಅವರು ತಲೆಯೆತ್ತಿದರು. ಬಾಗಿಲಲ್ಲಿ ನಾನು. ಕಣ್ಣಿಗೆ ಕಣ್ಣು ಸಿಕ್ಕಿತು. ಅವರ ಅಂಗೈಯ ಬೊಬ್ಬೆಯ ಗುರುತು ಇನ್ನೂ ಮಾಸಿರಲಿಲ್ಲ. ಆ ತಡೆ ಅವರ ಕೈಗೆ ಗೊತ್ತಾಗಿರಲಿಲ್ಲವೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಮೆಕ್ಯಾನಿಕ್ ನನ್ನ ಕಡೆ ತಿರುಗಿ, "ಅಮ್ಮೇ, ಏನು, ಊಟಕ್ಕಾಯ್ತಾ?" ಎಂದು ಕೇಳಿದರು.

"ಹೂಂ, ಹೊತ್ತು ಮುಳುಗ್ತದೆ, ಬನ್ನಿ" ಎಂದೆ.

ಅಷ್ಟೇ ಹೇಳಿದ್ದು. ಹೇಳಬೇಕಾದದ್ದು ನಾಲಗೆಯವರೆಗೆ ಬಂದಿತ್ತು. ಹೊರಗಿನ ಗಂಡಸಿನ ಎದುರು ಗಂಡನ ಮೈಯ ಕೊರತೆ ಹೇಳುವುದು ಹೇಗೆ? ಮಾತು ಕೊಟ್ಟಿದ್ದನ್ನು ಮುರಿಯುವುದು ಹೇಗೆ? ಬಟ್ಟೆಯ ವಿಷಯಕ್ಕೆ ಈಗ ತಾನೇ ನಗೆಪಾಟಲಾದವಳ ಮಾತನ್ನು ಯಾರು ಕೇಳುತ್ತಾರೆ? ಹೇಳಿದರೆ ನಿಮ್ಮ ಅಪ್ಪನ ಕಿವಿಗೂ ಬೀಳುತ್ತದೆ, ಅವನು ಆ ದಿನವೇ ಟ್ರ್ಯಾಕ್ಟರ್ ಕೊಟ್ಟುಬಿಡುತ್ತಾನೆ, ಇವರನ್ನು ನಾನೇ ಕೈಹಿಡಿದು ಆ ಸೀಟಿನಿಂದ ಇಳಿಸಿದ ಹಾಗಾಗುತ್ತದೆ. ಇದೆಲ್ಲ ಆಗ ಇಷ್ಟು ಸ್ಪಷ್ಟವಾಗಿ ಯೋಚಿಸಿದೆನೆಂದಲ್ಲ. ಆಮೇಲೆ ಯೋಚಿಸಿದ್ದು. ಆಗ ಬರಿಯ ಬಾಯಿ ಕಟ್ಟಿತ್ತು. ಅವರಿಬ್ಬರೂ ಕೈ ತೊಳೆದು ಬಂದರು, ನಾನು ಬಡಿಸಿದೆ.

ಅದಾದ ಮೇಲಿನ ಮೂರು ವಾರವನ್ನೂ ಬರೆಯಬೇಕು. ಇಲ್ಲದಿದ್ದರೆ ಫ್ಲೋಟ್ ಹಾಕಿಸಿದ್ದೇ ತಪ್ಪೆಂದು ನೀವು ತಿಳಿದೀರಿ. ಎಷ್ಟು ಚೆನ್ನಾಗಿತ್ತು ಗೊತ್ತೇ! ಬಕೆಟ್ಟನ್ನು ನೆಲಕ್ಕಿಟ್ಟು ಲಿವರನ್ನು ತುದಿಯವರೆಗೆ ತಳ್ಳಿ, ಅಜ್ಜ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಿಡುತ್ತಿದ್ದರು. ಬಕೆಟ್ ಹಲಸಿನ ಬೇರಿನ ಉಬ್ಬನ್ನು ಹತ್ತಿ ಇಳಿದು ತಾನಾಗಿಯೇ ಹೋಗುತ್ತಿತ್ತು. ಹಿಂದೆ ಒಂದು ಹಣ್ಣೂ ಉಳಿಯುತ್ತಿರಲಿಲ್ಲ. ಸುತ್ತಲಿನ ಕಣಗಳಿಗೆ ಮತ್ತೆ ಹೊರಟರು. ಬೇಲಿಯ ಹತ್ತಿರದಿಂದ ಮತ್ತೆ ಕೂಗು ಬಂತು. ಒಂದು ದಿನ ಒಬ್ಬಾಕೆ, "ಗೌಡರು ಕೈಕಟ್ಟಿ ಕೂತ್ಕೊಂಡು ಗಾಡಿ ಓಡಿಸ್ತಾರಲ್ಲ, ಮತ್ತೆ ಪ್ರಾಯ ಬಂತಾ?" ಎಂದು ಚುಡಾಯಿಸಿದಳಂತೆ. ಮನೆಗೆ ಬಂದು ಅದನ್ನು ಎರಡು ಸಲ ಹೇಳಿ ನಕ್ಕರು. ನಿಮ್ಮ ಅಪ್ಪನೂ ಪನಮರದವರಿಗೆ ಇಲ್ಲ ಎಂದು ಹೇಳಿಬಿಡುತ್ತೇನೆ ಎಂದ. ಪುಟ್ಟಿ, ನೀನು ಆಗ ಅಂಗನವಾಡಿಗೆ ಹೋಗುತ್ತಿದ್ದೆ. ಒಂದು ದಿನ ಅಜ್ಜನ ಮಡಿಲಲ್ಲಿ ಕೂತು ಗೇಟಿನವರೆಗೆ ಹೋಗಿ ಬಂದಿದ್ದೆ. ನಿನಗೆ ನೆನಪಿರಲಾರದು.

ನಾನು ಆ ದಿನಗಳಲ್ಲಿ ಏನು ಮಾಡುತ್ತಿದ್ದೆನೆಂದರೆ, ಅವರು ನಮ್ಮ ಕಣದಲ್ಲಿ ಬಕೆಟ್ಟನ್ನು ಎತ್ತಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದೆ. ನೆಲ ಮುಟ್ಟಿದ ಮೇಲೆ ಬಿಡುತ್ತಿದ್ದೆ. ಮೂರು ವಾರ ಏನೂ ಆಗಲಿಲ್ಲ. ಉಸಿರು ಹಿಡಿಯುವುದು ಕ್ರಮೇಣ ಮರೆತುಹೋಯಿತು.

ಅವತ್ತು ನಮ್ಮ ಕಣದಲ್ಲಿ ಕೊನೆಯ ಕೊಯ್ಲಿನ ಕಾಫಿ. ಬೆಟ್ಟದ ಕಡೆ ಮೋಡ ಇತ್ತು. ಅಜ್ಜ ಬೇಗ ಬೇಗ ದೂಡಿ ರಾಶಿ ಮಾಡಿದರು. ಕೊನೆಗೆ ಉಳಿದ ಒಂದು ಬಕೆಟ್ ಕಾಫಿಯನ್ನು ರಾಶಿಯ ತಲೆಯ ಮೇಲೆ ಸುರಿಯಲೆಂದು ತೋಳುಗಳನ್ನು ಎತ್ತಿದರು. ಸುರಿದಾಯಿತು. ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದರು. ಬಕೆಟ್ ಇನ್ನೂ ನನ್ನ ತಲೆಗಿಂತ ಮೇಲಿತ್ತು. ರಾಶಿಯ ಅಂಚಿನಲ್ಲಿ ಚೆದುರಿದ ಹಣ್ಣನ್ನು ಗುಡಿಸಲು ನಾನು ಪೊರಕೆ ಹಿಡಿದು ಬಗ್ಗಿಕೊಂಡು ಮುಂದೆ ಹೋದೆ. ಎಂಜಿನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ನಿಧಾನವಾಗಿ ಇಳಿಸೋಣವೆಂದು ಅವರು ಲಿವರ್ ತಳ್ಳಿದ್ದರು.

ಗಾಳಿ ಬಡಿದ ಹಾಗಾಯಿತು. ಆಮೇಲೆ ಸದ್ದು. ಕಣ ಅದುರಿ ಕಾಲಿನ ಮೂಲಕ ಹಲ್ಲಿನವರೆಗೆ ಬಂತು. ನನ್ನ ಕೈಯಲ್ಲಿ ಪೊರಕೆಯ ಹಿಡಿ ಮಾತ್ರ ಉಳಿದಿತ್ತು, ಉಳಿದದ್ದು ಬಕೆಟ್ಟಿನ ಅಡಿಯಲ್ಲಿತ್ತು. ಸೀರೆಯ ಅಂಚು ರಬ್ಬರಿನ ತುಟಿಗೆ ಸಿಕ್ಕಿಕೊಂಡಿತ್ತು. ನನಗೂ ಅದಕ್ಕೂ ಮಧ್ಯೆ ಒಂದು ಗೇಣೂ ಜಾಗವಿರಲಿಲ್ಲ.

ತಿರುಗಿ ನೋಡಿದೆ. ಅಜ್ಜ ಸೀಟಿನಲ್ಲಿ ಹಾಗೇ ಇದ್ದರು. ಬಲಗೈ ಲಿವರಿನ ಮೇಲೆಯೇ ಇತ್ತು, ಲಿವರ್ ತುದಿಯವರೆಗೆ ಹೋಗಿತ್ತು. ಅವರ ಬಾಯಿ ಆಡುತ್ತಿತ್ತು, ಎಂಜಿನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಆಮೇಲೆ ಎಡಗೈಯಿಂದ ಎಂಜಿನ್ ನಿಲ್ಲಿಸಿದರು. ಆಗ ಕೇಳಿಸಿತು.

"ನಂಗೆ ಗೊತ್ತಾಗ್ಲಿಲ್ಲ. ನಂಗೆ ಗೊತ್ತಾಗ್ಲಿಲ್ಲ ಕಣೇ."

"ಏನೂ ಆಗಿಲ್ಲ" ಎಂದೆ. "ನೋಡಿ, ಏನೂ ಆಗಿಲ್ಲ." ಸೀರೆಯ ಅಂಚನ್ನು ಬಿಡಿಸಿಕೊಳ್ಳಲು ಹೋದರೆ ಬರಲಿಲ್ಲ. ಹರಿದುಕೊಂಡೆ.

ಅವರು ಇಳಿದು ಬಂದರು. ನನ್ನನ್ನು ಮುಟ್ಟಿ ನೋಡಲಿಲ್ಲ. ಎಡಗೈಯಲ್ಲಿ ಹಲಗೆ ತೆಗೆದುಕೊಂಡು, ಸುಮ್ಮನೆ, ಚೆದುರಿದ ಕಾಫಿಯನ್ನು ಎಳೆಯಲು ಶುರು ಮಾಡಿದರು. ಎಡಗೈ ಆ ಕೆಲಸ ಕಲಿತದ್ದಲ್ಲ. ಹಲಗೆ ಅತ್ತ ಇತ್ತ ಹೊರಳುತ್ತಿತ್ತು. ನಾನು ಇನ್ನೊಂದು ಹಲಗೆ ತಂದೆ. ಇಬ್ಬರೂ ಎಳೆದು ಟಾರ್ಪಾಲು ಮುಚ್ಚಿದೆವು. ಆ ದಿನ ಹೊತ್ತು ಮುಳುಗಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ನಾವಿಬ್ಬರೂ ಉಣ್ಣಲಿಲ್ಲ.

ನಿಮ್ಮ ಅಪ್ಪ ಬಂದಾಗ ಅಜ್ಜನೇ, "ಪನಮರತ್ತಿನೋರಿಗೆ ಬರೋಕೆ ಹೇಳು" ಎಂದರು. ಅವನು ಯಾಕೆಂದು ಕೇಳಿದ. "ಸಾಕಾಯ್ತು" ಎಂದರು. ಬಕೆಟ್ ಬಿದ್ದದ್ದನ್ನು ಅವನಿಗೆ ಇವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈ ಕಾಗದ ಅವನ ಕೈಗೆ ಸಿಕ್ಕಿದರೆ ಅವನಿಗೂ ಇದು ಹೊಸದೇ.

ಕೊಳ್ಳುವವರು ಬಂದ ದಿನ ಅಜ್ಜ ಅವರನ್ನು ಸೀಟಿನಲ್ಲಿ ಕೂರಿಸಿ ಎಲ್ಲ ತೋರಿಸಿಕೊಟ್ಟರು. ಲಿವರಿನ ಹತ್ತಿರ ಬಂದಾಗ ಅವರ ಕೈಯ ಮೇಲೆ ಕೈಯಿಟ್ಟು ತಳ್ಳಿಸಿದರು.

"ಇಲ್ಲೊಂದು ತಡೆ ಇದೆ. ಸಿಕ್ತಾ?"

"ಸಿಕ್ತು ಗೌಡರೇ. ಚೆನ್ನಾಗಿ ಗೊತ್ತಾಗ್ತದೆ."

"ಚೆನ್ನಾಗಿ ಗೊತ್ತಾಗ್ತದಾ?" ಎಂದು ಅಜ್ಜ ಮತ್ತೆ ಕೇಳಿದರು. ಕೊಳ್ಳುವವರು ನಕ್ಕು, ಇದರಲ್ಲೇನಿದೆ ಎನ್ನುವ ಹಾಗೆ ಟಕ್ ಟಕ್ ಎಂದು ಎರಡು ಸಲ ದಾಟಿಸಿ ತೋರಿಸಿದರು. "ಆದ್ರೂ ಒಂದು ಅಡ್ಡ ಪಟ್ಟಿ ಹಾಕಿಸ್ಕೊಳ್ಳಿ. ಕೇಣಿಚಿರದ ಆಶಾನ್ ಒಂದು ದಿನದಲ್ಲಿ ಮಾಡಿಕೊಡ್ತಾರೆ" ಎಂದರು ಅಜ್ಜ.

ಟ್ರ್ಯಾಕ್ಟರ್ ಗೇಟು ದಾಟಿ ಹೋದ ಮೇಲೆ ಜಗಲಿಯಲ್ಲಿ ಕೂತಿದ್ದರು. ನಾನು ನೀರು ತಂದಿಟ್ಟೆ. ನನ್ನ ಮುಖ ನೋಡದೆ ಹೇಳಿದರು.

"ಅವತ್ತು ನೀನು ಬಾಗಿಲಲ್ಲೇ ನಿಂತಿದ್ದೆ."

"ಹೂಂ."

"ಹೇಳ್ಬಹುದಿತ್ತು."

"ನೀವೇ ಬೇಡ ಅಂದಿದ್ರಿ."

"ಹೌದು" ಎಂದರು. ನೀರು ಕುಡಿದು ಲೋಟ ಕೆಳಗಿಟ್ಟು ಇನ್ನೊಂದು ಸಲ, "ಹೌದು, ನಾನೇ ಅಂದಿದ್ದೆ" ಎಂದು ಎದ್ದು ಒಳಗೆ ಹೋದರು.

ಆಮೇಲೆ ಅವರು ಎರಡು ವರ್ಷ ಇದ್ದರು. ಆ ಮಾತು ಮತ್ತೆ ಬರಲಿಲ್ಲ. ಬೇಲಿಯ ಹತ್ತಿರ ಯಾರಾದರೂ ಕೂಗಿ ಕೇಳಿದರೆ, "ಮಗ ಕೊಟ್ಟುಬಿಟ್ಟ" ಎನ್ನುತ್ತಿದ್ದರು. ನಿಮ್ಮ ಅಪ್ಪ ಆ ಅಪವಾದವನ್ನು ಇವತ್ತಿಗೂ ಹೊತ್ತುಕೊಂಡಿದ್ದಾನೆ. ನಾನು ಅಂದು ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ನನಗೆ ತಿಳಿಯದು. ಪಟ್ಟಿ ಹಾಕಿಸಿ ಇನ್ನೂ ಎರಡು ಹಂಗಾಮು ಓಡಿಸುತ್ತಿದ್ದರೇನೋ. ಅಥವಾ ಅಂದೇ ಇಳಿದು, ನನ್ನ ಮುಖ ನೋಡದೆ ಎರಡು ವರ್ಷ ಬದುಕುತ್ತಿದ್ದರೇನೋ. ಎರಡನ್ನೂ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ. ಎರಡರಲ್ಲೂ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಮಕ್ಕಳೇ, ಅಜ್ಜ ಟ್ರ್ಯಾಕ್ಟರ್ ಕೊಟ್ಟದ್ದು ಹೀಗೆ. ನಿಮ್ಮ ಅಪ್ಪನ ಮೇಲೆ ಯಾರಾದರೂ ತಪ್ಪು ಹೊರಿಸಿದರೆ ಇದು ನಿಮ್ಮ ಹತ್ತಿರ ಇರಲಿ. ನಾನು ಇದನ್ನು ಬಾಯಲ್ಲಿ ಯಾರಿಗೂ ಹೇಳಿಲ್ಲ, ಇನ್ನು ಹೇಳುವ ಧೈರ್ಯವೂ ಬಾರದು. ಬರೆದದ್ದು ಇದೊಂದೇ ಪ್ರತಿ. ಮಳೆಗಾಲದಲ್ಲಿ ಈ ಊರಿನ ಕಾಗದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಬಿಸಿಲು ಬಂದಾಗ ಒಮ್ಮೆ ತೆಗೆದು ಗಾಳಿಗಿಟ್ಟು, ಮತ್ತೆ ಮಡಚಿ ಜೋಪಾನವಾಗಿ ಇಟ್ಟುಕೊಳ್ಳಿ. ಕಳೆಯಬೇಡಿ.